ಗಾಡಿ ಯಾವುದರಿಂದ ಮಾಡಲ್ಪಟ್ಟಿದೆ?

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ, ಅವರು ತೋರಿಸಿದ ಕುರ್ಚಿಯ ಮೇಲೆ ಕೂರುವ ಮೊದಲು ಬಾಯೊಳಗೇ ಒಂದು ಇಂಗ್ಲಿಷ್ ವಾಕ್ಯ ಹೇಳಿಕೊಳ್ಳುತ್ತೇನೆ: ದಿ ಚೇರ್ ಈಸ್ ಮೇಡ್ ಆಫ್ ವುಡ್. ಕಾಫಿ ಬಂತೆಂದರೆ, ದಿ ಟಂಬ್ಲರ್ ಈಸ್ ಮೇಡ್ ಆಫ್ ಬ್ರಾಸ್. ಮೊನ್ನೆ ತಂಗಿಯ ಮಗನಿಗೆ ಹೆಣ್ಣು ನೋಡಲು ಕೃಷ್ಣರಾಜನಗರಕ್ಕೆ ಹೋಗಿದ್ದಾಗ ಅವರು ತಂದಿಟ್ಟ ತಿಂಡಿಯ ತಟ್ಟೆ ಯಾವುದರದೆಂದು ಗೊತ್ತಾಗದೆ ಅದನ್ನು ಎತ್ತಿ, ತಿರುಗಿಸಿ, ಎರಡೆರಡು ಸಲ ಗೊಣಗಿದೆ. ಬೆಳ್ಳಿಯೋ ಜರ್ಮನ್ ಸಿಲ್ವರೋ ಎಂದು ಪರೀಕ್ಷೆ ಮಾಡುತ್ತಿದ್ದೇನೆಂದು ಹುಡುಗಿಯ ಸೋದರಮಾವ ಮುಖ ಊದಿಸಿಕೊಂಡರು. ಸಂಬಂಧ ಕೂಡಿಬರಲಿಲ್ಲ. ನನ್ನಿಂದಲೇ ಕೆಟ್ಟಿತೆಂದು ತಂಗಿ ಇವತ್ತಿಗೂ ಹೇಳುತ್ತಾಳೆ. ಜಾತಕ ಕೂಡಲಿಲ್ಲವೆಂದು ನಾನು ಹೇಳುತ್ತೇನೆ. ಇಬ್ಬರ ಮಾತಿಗೂ ಸಾಕ್ಷಿಯಿಲ್ಲ.

ಈ ಚಾಳಿ ಹತ್ತಿಕೊಂಡದ್ದು ಹುಣಸೂರಿನ ಸ್ಕೂಲಿನಲ್ಲಿ. ನಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪುಟವಿತ್ತು. ಎಡಗಡೆ ಕುರ್ಚಿ, ಚಾಕು, ಬೂಟು, ಕಂಬಳಿ, ದೀಪದ ಚಿಮಣಿ, ಹೀಗೆ ಚಿತ್ರಗಳು. ಬಲಗಡೆ ವುಡ್, ಐರನ್, ಲೆದರ್, ವುಲ್, ಗ್ಲಾಸ್ ಎಂದು ಪದಗಳು. ಕೆಳಗೆ ಪ್ರಶ್ನೆ: ವಾಟ್ ಈಸ್ ಇಟ್ ಮೇಡ್ ಆಫ್? ಮೇಷ್ಟರು ಇದನ್ನು ಕನ್ನಡಕ್ಕೆ ತಂದು, "ಕುರ್ಚಿಯು ಯಾವುದರಿಂದ ಮಾಡಲ್ಪಟ್ಟಿದೆ? ಕುರ್ಚಿಯು ಮರದಿಂದ ಮಾಡಲ್ಪಟ್ಟಿದೆ" ಎಂದು ರಾಗವಾಗಿ ಹೇಳಿಸುತ್ತಿದ್ದರು. ಹುಣಸೂರಿನಲ್ಲಿ ಅಷ್ಟು ಕುರ್ಚಿ ಮಾಡಿದವರಿದ್ದರೂ ಒಬ್ಬನೂ ತನ್ನ ಕುರ್ಚಿ ಮಾಡಲ್ಪಟ್ಟಿದೆ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಆ ಕ್ಲಾಸಿನಲ್ಲಿ ನಾನು ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದೆ. ಆದರೆ ಎರಡು ವರ್ಷ ಅದೇ ಪುಟ ಓದಿದ್ದರಿಂದ ಅದೊಂದು ಪುಟ ನನಗೆ ಸೊಗಸಾಗಿ ಬರುತ್ತಿತ್ತು. ಫೇಲಾಗುವುದರಿಂದಲೂ ವಿದ್ಯೆ ಗಟ್ಟಿಯಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ.

ಹತ್ತೊಂಬತ್ತು ವರ್ಷದ ಗಂಡಸು, ಸ್ಕೂಲು ಬಿಟ್ಟು, ಉಳಿ ಹಿಡಿಯಲೂ ಬಾರದೆ, ಜಗಲಿಯ ಮೇಲೆ ಕೂತಿದ್ದೆ. ಉಳಿ ಹಿಡಿಯಲು ಬಾರದಿರುವುದು ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ. ನಾವು ಗಾಡಿ ಮಾಡುವ ಆಚಾರಿಗಳು. ಅಪ್ಪನ ಗಾಡಿ ಎಂದರೆ ಪಿರಿಯಾಪಟ್ಟಣದಿಂದ ಹೆಗ್ಗಡದೇವನಕೋಟೆಯವರೆಗೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಅಥವಾ ನಾನು ಹಾಗೆ ತಿಳಿದುಕೊಂಡಿದ್ದೇನೆ. ಸತ್ತ ಅಪ್ಪಂದಿರೆಲ್ಲ ಊರಿಗೇ ಗಟ್ಟಿಗರಾಗಿದ್ದವರು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಅವನು ಗಾಡಿ ಮಾರುತ್ತಿದ್ದ ರೀತಿಯನ್ನು ನಾನು ನೂರಾರು ಸಲ ಕಣ್ಣಾರೆ ನೋಡಿದ್ದೇನೆ.

ಅದಕ್ಕೆ ನಮ್ಮಲ್ಲಿ ಒಪ್ಪಿಸುವುದು ಎನ್ನುತ್ತಿದ್ದರು. ಗಾಡಿ ಮುಗಿದ ಮೇಲೆ ಕೊಳ್ಳುವವನು ಎತ್ತು ಹೊಡೆದುಕೊಂಡು ಬರುತ್ತಾನೆ. ಎತ್ತು ಕಟ್ಟುವ ಮೊದಲು ಅಪ್ಪ ಗಾಲಿಯ ನಟ್ಟನಡುವಿನ ಗುಂಬದ ಮೇಲೆ ಅಂಗೈ ಇಟ್ಟು "ಗುಂಬ, ಜಾಲಿ" ಎನ್ನುತ್ತಾನೆ. ಕೊಳ್ಳುವವನೂ ಅಲ್ಲಿ ಕೈಯಿಟ್ಟು "ಊಂ" ಎನ್ನಬೇಕು. ಆಮೇಲೆ ಗುಂಬದಿಂದ ಸುತ್ತ ಹೊರಟ ಅರೆಕಾಲು, ಒಂದೊಂದನ್ನೂ ಮುಟ್ಟಿ. ಆಮೇಲೆ ಅಚ್ಚು, ನೊಗದವರೆಗೆ ಚಾಚಿದ ಮೂಕಿ, ಹಾಸು ಹಲಗೆ, ಕೊನೆಗೆ ನೊಗ. ಯಾವ ಮರ, ಯಾವ ಕಾಡಿನದು, ಎಷ್ಟು ದಿನ ಒಣಗಿದ್ದು, ಎಲ್ಲಿ ಗಂಟು ಇದೆ, ಎಲ್ಲವನ್ನೂ ಹೇಳಿ ಮುಗಿಸಬೇಕು. ನಡುವೆ ಯಾರಾದರೂ ಮಾತಾಡಿಸಿದರೂ ನಿಲ್ಲಿಸುವಂತಿಲ್ಲ. ಒಪ್ಪಿಸುವಾಗ ನಡುವೆ ನಿಲ್ಲಿಸಿದ ಗಾಡಿ ದಾರಿಯ ನಡುವೆ ನಿಲ್ಲುತ್ತದೆ ಎಂದು ಅವನ ನಂಬಿಕೆ. ಒಮ್ಮೆ ಹೀಗೆ ಒಪ್ಪಿಸುತ್ತಿದ್ದಾಗ ಅವ್ವ ಒಳಗಿನಿಂದ ಹಾವು ಹಾವು ಎಂದು ಕೂಗಿಕೊಂಡರೂ ಅವನು ನೊಗ ಮುಟ್ಟಿಯೇ ಒಳಗೆ ಹೋದ. ಅಷ್ಟರಲ್ಲಿ ಹಾವು ತಾನಾಗಿ ಹೊರಟುಹೋಗಿತ್ತು.

ಮೈಸೂರಿಗೂ ಮಡಿಕೇರಿಗೂ ಮೋಟಾರು ಓಡತೊಡಗಿದ ಮೇಲೆ ಗಾಡಿ ಕೇಳುವವರು ಕಡಿಮೆಯಾದರು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು. ಅಪ್ಪನ ಬಲಗೈ ಬೆರಳಿನ ಗಿಣ್ಣುಗಳು ಊದಿಕೊಂಡು ಮರ ಕೆತ್ತುವ ಬಾಚಿಯ ಹಿಡಿ ನಿಲ್ಲದಾಯಿತು. ಒಂದು ದಿನ ಬಾಚಿ ಕೈಯಿಂದ ಹಾರಿ ಅಂಗಳದ ತುಳಸಿ ಕಟ್ಟೆಗೆ ಬಡಿಯಿತು. ಅಪ್ಪ ಅದನ್ನು ಎತ್ತಿಕೊಂಡು ಬಂದು, ಒರೆಸಿ, ಅಟ್ಟದ ಮೇಲಿಟ್ಟ. ಆಮೇಲೆ ಬೆಳಗಾದರೆ ಎದ್ದು ಅಂಗಳದಲ್ಲಿ ಒಟ್ಟಿದ್ದ ಮರದ ತುಂಡುಗಳ ಪಕ್ಕ ಸುಮ್ಮನೆ ಕೂರುತ್ತಿದ್ದ. ಅವು ಒಂದೊಂದಾಗಿ ಒಲೆಗೆ ಹೋಗುತ್ತಿದ್ದವು.

ಆ ಸಮಯದಲ್ಲೇ ಲಕ್ಷ್ಮಣತೀರ್ಥದ ದಡದಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆಯ ಮರದ ಮಂಡಿಗೆ ಮೇಸ್ತ್ರಿ ಬೇಕೆಂಬ ಸುದ್ದಿ ಬಂತು. ತಂದವರು ಬುಡನ್ ಸಾಬರು. ಪಾತ್ರೆಗೆ ಕಲಾಯಿ ಹಾಕುವವರು, ಅಪ್ಪನ ಗೆಳೆಯರು. ದೊರೆಯ ಬಂಗಲೆಯ ಪಾತ್ರೆಗಳಿಗೂ ಅವರದೇ ಕಲಾಯಿ.

"ಕೈ ಕೆಲಸ ಇಲ್ಲ ಆಚಾರ್ರೇ. ಕಾಡಿಂದ ಬರೋ ದಿಮ್ಮಿ ನೋಡ್ಕಂಡು ಯಾವ್ದು ಏನೂಂತ ಯೋಳೋದು ಅಷ್ಟೇಯ. ಆದ್ರೆ ದೊರೆಗೆ ಕನ್ನಡ ಬರಾಕಿಲ್ಲ. ನಾಲ್ಕು ಇಂಗ್ಲೀಷ್ ಮಾತು ಬೇಕಂತೆ. ಅದೇನೋ ಯಾವ್ದರಲ್ಲಿ ಮಾಡಿದ್ದು ಅಂತ ಸಾಮಾನು ತೋರ್ಸಿ ತೋರ್ಸಿ ಕೇಳ್ತಾನೆ. ಓದ್ ವಾರ ಇಬ್ರು ಬಂದು ವಾಪಸ್ ಓದ್ರು."

ಅಪ್ಪ ಊದಿದ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಆ ಪುಟ ನಿಂಗ್ ಬತ್ತದಲ್ವೇನ್ಲಾ?"

ಹೀಗೆ ನಾನು ಮೇಷ್ಟರಾದೆ. ಬೆಳಗ್ಗೆ ಜಗಲಿಯ ಮೇಲೆ ಪಾಠ. ಅಲ್ಲಿ ಎಳೆಬಿಸಿಲು ಬೀಳುತ್ತಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ನಮ್ಮದು ಪಡುವಣ ಬಾಗಿಲಿನ ಮನೆ. ಬೆಳಗ್ಗೆ ಅಲ್ಲಿ ಬಿಸಿಲು ಬೀಳುವುದು ಸಾಧ್ಯವಿರಲಿಲ್ಲ. ನೆನಪಿಗೆ ಮಾತ್ರ ಯಾವ ದಿಕ್ಕಿನಿಂದ ಬೇಕಾದರೂ ಬಿಸಿಲು ಬೀಳಿಸಿಕೊಳ್ಳುವ ಅನುಕೂಲವಿದೆ.

ಐರನ್, ಬ್ರಾಸ್, ಲೆದರ್, ವುಲ್, ಎಲ್ಲವನ್ನೂ ಅಪ್ಪ ಎರಡೇ ದಿನದಲ್ಲಿ ಕಲಿತ. ತೊಂದರೆಯಾದದ್ದು ಮೊದಲ ಪದಕ್ಕೆ.

"ಕುರ್ಚಿ. ವುಡ್. ವುಡ್ ಅಂದ್ರೆ ಮರ," ಎಂದೆ.

"ಯಾವ್ ಮರ?"

"ಯಾವ್ದೂ ಅಲ್ಲ. ಮರ."

"ಮರ ಅಂದ್ರೆ ನಿಂತಿರೋದು ಕಣ್ಲಾ. ಕಡ್ದು ಕೆಲ್ಸ ಮಾಡಿದ್ಮೇಲೆ ಅದುಕ್ಕೆ ಎಸ್ರು ಬೇಡ್ವಾ? ಎಲ್ಲಿ, ಚಿತ್ರ ತೋರ್ಸು." ಅವನು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಆ ಮುದ್ರಣದ ಕುರ್ಚಿಯನ್ನು ಪರೀಕ್ಷಿಸಿದ. "ಕಾಲು ಇಷ್ಟ್ ಸಣ್ಣಕೆ ಕಡ್ದವ್ನೆ. ಬೀಟೆ ಆದ್ರೆ ತಡ್ಕತದೆ. ಅಲಸು ಆಗಿದ್ರೆ ಪುಸ್ತ್ಕ ಬರ್ದೋನು ಕುಂತ ದಿನ್ವೇ ಮುರೀತದೆ. ಬರ್ದೋನ್ಗೆ ಗೊತ್ತಿಲ್ವಾ?"

"ಗೊತ್ತಿದ್ರೂ ಬರೆದಿಲ್ಲ ಅಪ್ಪ. ದೊರೆ ಕೇಳಿದ್ರೆ ವುಡ್ ಅನ್ನು, ಸಾಕು."

ಅಲ್ಲೇ ಕೂತು ಚೊಂಬಿಗೆ ಕಲಾಯಿ ಒರೆಸುತ್ತಿದ್ದ ಬುಡನ್ ಸಾಬರು ನಕ್ಕರು. "ಇಂಗ್ಲೀಷಿನೋರ್ಗೆ ಮರ ಒಂದೇ ಆಚಾರ್ರೇ. ಕುಡಿಯೋದು ಮಾತ್ರ ಅತ್ತು ತರ. ನಾನೇ ಬಂಗ್ಲೇಲಿ ಸೀಸೆ ಎಣಿಸಿವ್ನಿ." ಆಮೇಲೆ ಚೊಂಬನ್ನು ನನ್ನ ಮುಂದೆ ಹಿಡಿದರು. "ಮೇಷ್ಟ್ರೇ, ಇದು ವರಗೆ ತಾಮ್ರ, ಒಳಗೆ ತವರ. ಯಾವ್ದರಲ್ಲಿ ಮಾಡಿದ್ದು ಯೋಳಿ."

ಪುಸ್ತಕದಲ್ಲಿ ಅಂಥ ಚೊಂಬು ಇರಲಿಲ್ಲ. ಅಲ್ಲಿ ಎಲ್ಲ ಸಾಮಾನೂ ಒಳಗೂ ಹೊರಗೂ ಒಂದೇ ಆಗಿತ್ತು. ನಾನು ಗಂಭೀರವಾಗಿ, ಅದು ಮುಂದಿನ ಕ್ಲಾಸಿನಲ್ಲಿ ಬರುತ್ತದೆ ಎಂದೆ.

ಅವ್ವ ಒಳಗಿನಿಂದಲೇ ಕೇಳಿದಳು: "ನನ್ ಮುದ್ದೆ ಯಾವ್ದರಲ್ಲಿ ಮಾಡಿದ್ದು ಇಂಗ್ಲೀಷ್ನಲ್ಲಿ ಯೋಳಪ್ಪ, ಕೇಳಾನ."

"ರಾಗಿ," ಎಂದೆ.

"ಇಷ್ಟೇನಾ? ಇದುಕ್ಕೆ ಎರ್ಡು ಸತಿ ಫೇಲಾಗ್ಬೇಕಿತ್ತಾ?"

ಹತ್ತು ದಿನ ಹೀಗೆ ನಡೆಯಿತು. ವುಡ್ ಎಂಬ ಪದ ಅಪ್ಪನ ಬಾಯಿಗೆ ಬರುತ್ತಿತ್ತು, ಆದರೆ ಮನಸ್ಸಿಗೆ ಬರುತ್ತಿರಲಿಲ್ಲ. ಪ್ರತಿ ಸಲವೂ ಅದನ್ನು ಹೇಳಿದ ಮೇಲೆ ಮೆಲ್ಲಗೆ, ನನಗೆ ಕೇಳಿಸದ ಹಾಗೆ, "ತೇಗ" ಎಂದೋ "ಮತ್ತಿ" ಎಂದೋ ಸೇರಿಸಿಕೊಳ್ಳುತ್ತಿದ್ದ. ಕದ್ದು ಸಕ್ಕರೆ ತಿನ್ನುವವನ ಹಾಗೆ. ಹೊರಡುವ ಹಿಂದಿನ ದಿನ ಅವ್ವನಿಗೆ ಅವನು ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ಇದೊಂದು ಸಿಕ್ಕುಬುಟ್ರೆ ಸಾಯಗಂಟ ಮರದ್ ವಾಸ್ನೇಲೆ ಇದ್ಬುಡ್ಬೋದು ಕಣೆ."

ಮಂಡಿಗೆ ಅಪ್ಪನ ಜೊತೆ ನಾನೂ ಹೋದೆ. ಅಪ್ಪನದು ಒಗೆದ ಪಂಚೆ, ಕರಿ ಕೋಟು, ರುಮಾಲು. ನನ್ನದು ಸ್ಕೂಲಿಗೆ ಹಾಕಿಕೊಳ್ಳುತ್ತಿದ್ದ ಟೋಪಿ. ಬಂಗಲೆಯ ಅಡಿಗೆಮನೆಯ ಪಕ್ಕ ಅಂಗಳದಲ್ಲಿ ಬುಡನ್ ಸಾಬರು ತಿದಿ ಒತ್ತುತ್ತ ಕೂತಿದ್ದರು. ನಮ್ಮನ್ನು ಕಂಡು ಕಣ್ಣು ಮಿಟುಕಿಸಿದರು. ದೊರೆ ಹೊರಗೆ ವರಾಂಡದಲ್ಲಿ ನಿಂತಿದ್ದರು. ಪಕ್ಕದಲ್ಲಿ ಅವರ ಗುಮಾಸ್ತರು, ಮೈಸೂರಿನವರು.

ದೊರೆ ಬಾಗಿಲ ಚಿಲಕ ತೋರಿಸಿದರು. "ಐರನ್, ಸರ್," ಎಂದ ಅಪ್ಪ. ಬೂಟು ತೋರಿಸಿದರು. "ಲೆದರ್." ಕನ್ನಡಕ, ಗ್ಲಾಸ್. ಕಾಲೊರೆಸುವ ಚಾಪೆಗೆ ಪುಸ್ತಕದಲ್ಲಿಲ್ಲದಿದ್ದರೂ "ರೋಪ್" ಎಂದುಬಿಟ್ಟ. ನನಗೆ ಬೆರಗಾಯಿತು. ದೊರೆ ತಲೆಯಾಡಿಸಿದರು. ಗುಮಾಸ್ತರು ನನ್ನ ಕಡೆ ನೋಡಿ ನಕ್ಕರು. ಕೆಲಸ ಸಿಕ್ಕಿಯೇ ಹೋಯಿತು ಎಂದುಕೊಂಡೆ.

ಕೊನೆಗೆ ದೊರೆ ಮಂಡಿಯ ಅಂಗಳದಲ್ಲಿ ನಿಂತಿದ್ದ ಒಂದು ಎತ್ತಿನ ಗಾಡಿಯ ಕಡೆ ಬೆತ್ತ ತೋರಿಸಿದರು. "ಅಂಡ್ ದಟ್? ವಾಟ್ ಈಸ್ ಇಟ್ ಮೇಡ್ ಆಫ್?"

ಅಪ್ಪ "ದಿ ಕಾರ್ಟ್ ಈಸ್ ಮೇಡ್ ಆಫ್" ಎಂದು ಶುರುಮಾಡಿ ನಿಲ್ಲಿಸಿದ. ಮೆಟ್ಟಿಲಿಳಿದು ಗಾಡಿಯ ಹತ್ತಿರ ಹೋದ. ಹೋದ ರೀತಿಯಲ್ಲೇ ನನಗೆ ಗೊತ್ತಾಯಿತು. ಗುಂಬದ ಮೇಲೆ ಅಂಗೈ ಇಟ್ಟ.

"ಗುಂಬ, ಜಾಲಿ," ಎಂದು ದೊರೆಯ ಮುಖ ನೋಡಿದ.

ದೊರೆ ಬಂದು ಕೈಯಿಟ್ಟು "ಊಂ" ಎನ್ನಬೇಕಿತ್ತು. ಅವರು ಗುಮಾಸ್ತರ ಮುಖ ನೋಡಿದರು. ಅಪ್ಪ ಸ್ವಲ್ಪ ಕಾದು, ಅರೆಕಾಲಿಗೆ ಬಂದ. "ಅರೆಕಾಲು, ಮತ್ತಿ. ಇದೊಂದು ಮಾತ್ರ ದಿಂಡಿಗ. ಯಾವ್ದೋ ಕಾಲ್ದಲ್ಲಿ ಮುರ್ದು ಬದ್ಲಾಯಿಸವ್ರೆ." ಗಾಡಿ ಅವನು ಮಾಡಿದ್ದಲ್ಲ. ಬೇರೆ ಯಾರೋ ಮಾಡಿದ್ದು. ಅದಕ್ಕೇ ಅವನು ಇನ್ನಷ್ಟು ಹುಷಾರಾಗಿ ಮೂಸುತ್ತ, ಉಗುರಿನಿಂದ ಗೀರುತ್ತ ಒಂದೊಂದನ್ನೂ ಹೇಳತೊಡಗಿದ. ಗುಮಾಸ್ತರು ಹತ್ತಿರ ಹೋಗಿ, "ಆಚಾರ್ರೇ, ವುಡ್ ಅಂದುಬಿಡಿ, ಮುಗೀತು" ಎಂದು ಪಿಸುಗುಟ್ಟಿದರು. ಅಪ್ಪ ಎಡಗೈ ಎತ್ತಿ ಅವರನ್ನು ಸುಮ್ಮನಿರಿಸಿದ. ದೊರೆ "ಎನಫ್" ಎಂದರು. ಅಪ್ಪ ಅವರ ಕಡೆಗೂ ಅದೇ ಕೈ ಎತ್ತಿದ. ಮೂಕಿಯ ಬಳಿ ಕೂತು, ತಲೆ ಬಗ್ಗಿಸಿ ಅಡಿಯನ್ನೂ ನೋಡಿದ.

"ಇಷ್ಟು ವರ್ಷ ಬಡಗಿ ಕೆಲಸ ಮಾಡಿದ ಮನುಷ್ಯನಿಗೆ ವುಡ್ ಎಂಬ ಪದ ಗೊತ್ತಿಲ್ಲವೇ?" ಎಂದು ದೊರೆ ಇಂಗ್ಲಿಷಿನಲ್ಲಿ ಕೇಳಿದರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನೀವು ನಂಬಬೇಡಿ. ನನ್ನ ನೆನಪಿನಲ್ಲಿ ದೊರೆ ನನ್ನ ಕಡೆ ತಿರುಗಿ, "ನಿನಗೆ ಗೊತ್ತೇ?" ಎಂದು ಕೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಹೇಳಲೇಬೇಕಲ್ಲ, ಹೇಳಿದೆ. ಬಹಳ ಸ್ವಚ್ಛವಾದ ನೆನಪು. ಆದರೆ ಎಷ್ಟೋ ವರ್ಷಗಳ ಮೇಲೆ ಬುಡನ್ ಸಾಬರು ತಿದಿ ಬದಿಗಿಟ್ಟು ನನಗೆ ಹೇಳಿದರು: "ದೊರೆ ನಿನ್ನ ಕೇಳ್ಲೇ ಇಲ್ಲ ಕಣಪ್ಪ. ನಾನ್ ಅಲ್ಲೇ ಇದ್ನಲ್ಲ. ಅವ್ನು ಗುಮಾಸ್ತ್ರನ್ನ ಕೇಳಿದ್ದು. ನೀನೇ ಮುಂದಕ್ ಬಂದು ಕೂಗ್ದೆ." ಅಪ್ಪನಿಗೆ ಹೇಳಿಕೊಡಲೆಂದು ಕೂಗಿದೆನೋ, ಅವನಿಂದಾದ ಅವಮಾನ ತಡೆಯಲಾರದೆ ಕೂಗಿದೆನೋ, ಎರಡು ವರ್ಷ ಯಾರೂ ಸರಿ ಎನ್ನದಿದ್ದ ಉತ್ತರವನ್ನು ಯಾರಿಗಾದರೂ ಒಪ್ಪಿಸಲೆಂದು ಕೂಗಿದೆನೋ. ನಾನು ಕೂಗಿದ್ದು ಇಷ್ಟು:

"ವುಡ್, ಸರ್! ದಿ ಕಾರ್ಟ್ ಈಸ್ ಮೇಡ್ ಆಫ್ ವುಡ್ ಅಂಡ್ ಐರನ್!"

ಐರನ್ ಸೇರಿಸಿದ್ದು ನನ್ನ ಸ್ವಂತ ಬುದ್ಧಿ. ದೊರೆಗೆ ಬಹಳ ಸಂತೋಷವಾಯಿತು. ಸೋಮವಾರದಿಂದ ಬಾ ಎಂದರು. ಬರಬೇಕಾದವನು ನಾನು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತಿಗೆ ಅಪ್ಪ ನೊಗಕ್ಕೆ ಬಂದಿದ್ದ. "ನೊಗ, ಶಿವನೆ," ಎಂದು ಹೇಳಿ ಮುಗಿಸಿ, ಕೈ ಒರೆಸಿಕೊಂಡು, ರುಮಾಲು ಸರಿಮಾಡಿಕೊಂಡು, ನಮ್ಮ ಕಡೆ ನೋಡಿದ.

ದಾರಿಯಲ್ಲಿ ಅವನು ಬೈಯಲಿಲ್ಲ. ಸೇತುವೆ ದಾಟಿದ ಮೇಲೆ, "ಆ ಗಾಡೀಗೆ ಬಲಗಡೆ ಅರೆಕಾಲು ಇನ್ನೊಂದು ವರ್ಷ ತಡ್ಕಳಾಕಿಲ್ಲ" ಎಂದ ಅಷ್ಟೆ. ಮನೆಯಲ್ಲಿ ಅವ್ವ "ಸಿಕ್ತಾ?" ಎಂದು ಬಾಗಿಲಿಗೆ ಬಂದಳು. "ಸಿಕ್ತು, ಇವ್ನಿಗೆ" ಎಂದು ಅಪ್ಪ ಒಳಗೆ ಹೋದ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟಕ್ಕೆ ನನ್ನ ಪುಟದಲ್ಲಿ ಪದವಿಲ್ಲ.

ಸೋಮವಾರ ಹೋದೆ. ಅಂತರಸಂತೆಯ ಕಡೆಯ ಕಾಡಿನಿಂದ ದಿಮ್ಮಿಗಳು ಬಂದು ಬಿದ್ದಿದ್ದವು. ಗುಮಾಸ್ತರು ದಪ್ತರ ಬಿಚ್ಚಿ, "ಬರೀರಿ ಮೇಸ್ತ್ರಿಗಳೇ, ಯಾವ ಯಾವ ಮರ?" ಎಂದರು. ಕೆಲಸ ಸಿಗಲು ಒಂದು ಪದ ಸಾಕಾಗಿತ್ತು. ಕೆಲಸ ಮಾಡಲು ಆ ಒಂದು ಪದ ಬಿಟ್ಟು ಉಳಿದದ್ದೆಲ್ಲ ಬೇಕಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಒಂದೊಂದು ದಿಮ್ಮಿಯಿಂದ ಒಂದೊಂದು ಚಕ್ಕೆ ಎಬ್ಬಿಸಿ, ನಂಬರು ಗೀಚಿ, ಜೇಬು ತುಂಬಿಕೊಂಡು ಮನೆಗೆ ಓಡಿದೆ. ಅಪ್ಪನ ಮುಂದೆ ಸುರಿದೆ.

ಅವನು ನನ್ನ ಮುಖ ನೋಡಲಿಲ್ಲ. ಒಂದು ಚಕ್ಕೆ ಎತ್ತಿ ಮೂಸಿದ. ನಾಲಿಗೆಗೆ ತಾಗಿಸಿದ. "ನಂದಿ. ಬರಕೋ."

ಆಮೇಲೆ ಇದೇ ನಡೆಯಿತು, ವರ್ಷಗಟ್ಟಲೆ. ಎಷ್ಟು ವರ್ಷವೆಂದು ಕೇಳಿದರೆ ಒಂದೊಂದು ಸಲ ಒಂದೊಂದು ಹೇಳುತ್ತೇನೆ. ಮಂಡಿಗೇ ಬಾ ಎಂದು ನಾನು ಕರೆದರೆ ಅಪ್ಪ ಬರಲಿಲ್ಲ. ಆದರೆ ಹನ್ನೆರಡು ಹೊಡೆಯುವ ಹೊತ್ತಿಗೆ ಮುಖ ತೊಳೆದು, ರುಮಾಲು ಸುತ್ತಿಕೊಂಡು, ಜಗಲಿಯ ಮೇಲೆ ತಯಾರಾಗಿ ಕೂತಿರುತ್ತಿದ್ದ. ದೊರೆಯ ಮೇಸ್ತ್ರಿ ಅವನೇ. ಮಂಡಿ ಮಾತ್ರ ಅವನ ಹತ್ತಿರ ಜೇಬಿನಲ್ಲಿ ಬರುತ್ತಿತ್ತು. ಹುಣಸೂರಿನಲ್ಲಿ ನನ್ನ ಹೆಸರು ಏರಿತು. ಮೇಸ್ತ್ರಿಗೆ ಇಂಗ್ಲಿಷೂ ಗೊತ್ತು, ಮರವೂ ಗೊತ್ತು ಎಂದು ಜನ ಹೇಳುತ್ತಿದ್ದರು. ನಾನು ಅಲ್ಲಗಳೆಯಲಿಲ್ಲ.

ಇಷ್ಟರಲ್ಲಿ ನನಗೇ ಗೊತ್ತಿಲ್ಲದ ಹಾಗೆ ನಾನೂ ಸ್ವಲ್ಪ ಕಲಿತೆ. ದಿನಾ ಜೇಬಿನಲ್ಲಿ ತೇಗ ಇಟ್ಟುಕೊಂಡವನಿಗೆ ತೇಗದ ವಾಸನೆ ಹತ್ತದೆ ಇರುವುದಿಲ್ಲ. ಗರಗಸದ ಚಿಕ್ಕಮಾದನೂ ಅಷ್ಟಿಷ್ಟು ಹೇಳಿಕೊಟ್ಟ. ಮರ ಕೊಯ್ದು ಕೊಯ್ದು, ಗರಗಸದ ಸದ್ದಿನಲ್ಲೇ ಯಾವ ಮರವೆಂದು ಹೇಳುತ್ತಿದ್ದವನು ಅವನು. ಚಕ್ಕೆ ಹೊತ್ತು ಮನೆಗೆ ಓಡುವ ಅಗತ್ಯ ನಿಂತುಹೋಗಿತ್ತು. ಓಡುವುದು ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಹನ್ನೆರಡು ಚಕ್ಕೆ ತಂದಿದ್ದೆ. ಹನ್ನೆರಡೂ ತೇಗ. ಬೆಳಗ್ಗೆ ಚಿಕ್ಕಮಾದನ ಜೊತೆ ನಿಂತು ನಾನೇ ನೋಡಿದ್ದೆ. ಅಪ್ಪ ಹನ್ನೊಂದಕ್ಕೆ "ತೇಗ, ಬರಕೋ" ಎಂದ. ಹನ್ನೆರಡನೆಯದನ್ನು ಮೂಸಿದ, ಮತ್ತೆ ಮೂಸಿದ. ಆಚೆ ಹಿಡಿದು ನೋಡಿದ. "ಇದು ಒನ್ನೆ ಕಣ್ಲಾ."

ಹನ್ನೊಂದಕ್ಕೂ ಓಡಿದ ನನ್ನ ಪೆನ್ಸಿಲ್ ನಿಂತಿತು. ಅದು ಅವನಿಗೆ ಸರಿಬೀಳಲಿಲ್ಲ. "ಯಾಕ್ಲಾ, ನಂಬ್ಕೆ ಇಲ್ವಾ? ನೀರ್ ತತ್ತಾ" ಎಂದ. ಅವ್ವ ಒಂದು ಲೋಟ ನೀರು ತಂದಿಟ್ಟಳು. ಹೊನ್ನೆಯ ಚಕ್ಕೆ ನೀರಿಗೆ ಬಿದ್ದರೆ ಸ್ವಲ್ಪ ಹೊತ್ತಿಗೆ ಬಣ್ಣ ಬಿಡುತ್ತದೆ. ಅಪ್ಪ ಚಕ್ಕೆ ಹಾಕಿ, ಊದಿದ ಬೆರಳುಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಲೋಟದ ಮೇಲೆ ಬಗ್ಗಿ ಕೂತ. ನಾವು ಮೂವರೂ ನೋಡಿದೆವು. ನೀರು ಬಾವಿಯಿಂದ ಸೇದಿದಾಗ ಇದ್ದ ಹಾಗೇ ಇತ್ತು.

"ಬುಡ್ತಾ ಐತೆ ನೋಡು ಬಣ್ಣ," ಎಂದ ಅಪ್ಪ.

ಅವ್ವ ನನ್ನ ಕಡೆ ನೋಡಿದಳು.

"ಊಂ ಅಪ್ಪ, ಬುಡ್ತಾ ಐತೆ," ಎಂದೆ.

"ಅಂಗಾದ್ರೆ ಬರಕೋ."

ಮಂಡಿಗೆ ಹಿಂತಿರುಗಿ, ದಪ್ತರದಲ್ಲಿ ಹನ್ನೊಂದು ತೇಗದ ಕೆಳಗೆ ಒಂದು ಹೊನ್ನೆ ಎಂದು ಬರೆದೆ. ದೊರೆ ಮೇಲಿಂದ ಕೆಳಗೆ ಓದಿ ಸಹಿ ಹಾಕಿದರು. ರಾಶಿ ವಿಂಗಡಿಸಲು ಬಂದ ಚಿಕ್ಕಮಾದ ಮಾತ್ರ, ನಾನು ಆ ದಿಮ್ಮಿಗೆ ಹೊನ್ನೆ ಎಂದು ಕೂಗಿದ್ದನ್ನು ಕೇಳಿ ನಿಂತ.

"ಬೆಳಿಗ್ಗೆ ತೇಗ ಅಂದಿದ್ರಲ್ಲ ಮೇಸ್ತ್ರಿಗಳೇ? ಇದ್ಯಾಕೆ ಇಂಗೆ?"

"ಅಪ್ಪ ನೋಡಿದ."

"ಆಚಾರ್ರೇ ಯೋಳಿದ್ರಾ?" ಅವನು ದಿಮ್ಮಿಯ ತುದಿಯನ್ನೊಮ್ಮೆ ನೋಡಿದ, ನನ್ನ ಮುಖವನ್ನೊಮ್ಮೆ ನೋಡಿದ. "ಅಂಗಾದ್ರೆ ಸರಿ ಬುಡಿ."

ಇಬ್ಬರು ಆಳುಗಳನ್ನು ಕರೆದ. ಮೂವರೂ ಹಾರೆ ಕೊಟ್ಟು, ಉಸಿರು ಕಟ್ಟಿ, ಆ ತೇಗದ ದಿಮ್ಮಿಯನ್ನು ಅಂಗಳದ ಆಚೆ ತುದಿಯವರೆಗೆ ಉರುಳಿಸಿಕೊಂಡು ಹೋಗಿ ಹೊನ್ನೆಯ ರಾಶಿಗೆ ಸೇರಿಸಿದರು.